ಆನ್ಯುಲಸ್‌ನಲ್ಲಿ ಯಾವ ಡಯಾಮೀಟರ್ ಹಾಕಬೇಕು? ಲೆಕ್ಕದಲ್ಲಿ 48 ಡಿಗ್ರಿ, ಥರ್ಮೋಕಪಲ್‌ನಲ್ಲಿ 16.5

ಗ್ಯಾಪ್_ಹುಡುಕಾಟ
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಲೆಕ್ಕದ ಹಿಂದೆ ಬಿದ್ದಿದ್ದೇನೆ, ಬಗೆಹರಿಯುತ್ತಿಲ್ಲ. ದಯವಿಟ್ಟು ಯಾರಾದರೂ ನೋಡಿ.

ನನ್ನ ರಿಗ್ ಹೀಗಿದೆ. ಒಂದು ಕೊಳವೆ, ಅದರೊಳಗೆ ಕರೆಂಟಿನ ಹೀಟರ್ ರಾಡ್. ರಾಡಿನ ಹೊರವ್ಯಾಸ 25 ಮಿ.ಮೀ., ಕೊಳವೆಯ ಒಳವ್ಯಾಸ 40 ಮಿ.ಮೀ. ಇವೆರಡರ ನಡುವಿನ ಬಳೆಯಾಕಾರದ ಸಂದಿಯಲ್ಲಿ, ಅಂದರೆ ಆನ್ಯುಲಸ್‌ನಲ್ಲಿ, ನೀರು ಹರಿಯುತ್ತದೆ, ಸೆಕೆಂಡಿಗೆ 0.8 ಕಿಲೋ. ಬಿಸಿಯಾಗುವ ಉದ್ದ 1.5 ಮೀಟರ್, ಪವರ್ 12 ಕಿಲೋವ್ಯಾಟ್. ಹೊರಗೋಡೆಗೆ ಇನ್ಸುಲೇಷನ್ ಸುತ್ತಿದ್ದೇನೆ. ತಾಪಮಾನ ಅಳೆಯುವ ಥರ್ಮೋಕಪಲ್‌ಗಳು ರಾಡಿನ ಉದ್ದದ ನಡುಭಾಗದಲ್ಲಿವೆ. ಅಲ್ಲಿ ನೀರು 40 ಡಿಗ್ರಿ.

ಹೈಡ್ರಾಲಿಕ್ ಡಯಾಮೀಟರ್ (ಹರಿವಿನ ಅಡ್ಡಕೊಯ್ತದ ನಾಲ್ಕು ಪಟ್ಟನ್ನು ನೀರು ತಾಗುವ ಎರಡೂ ಗೋಡೆಗಳ ಸುತ್ತಳತೆಯಿಂದ ಭಾಗಿಸಿದ್ದು) 15 ಮಿ.ಮೀ. ಬಂತು. ರೆನಾಲ್ಡ್ಸ್ ನಂಬರ್ (ಹರಿವು ಎಷ್ಟು ಕಲಕಿದೆ ಎಂದು ಹೇಳುವ ಅಂಕಿ) ಸುಮಾರು 24,000. ಸಾದಾ ಕೊಳವೆಯ ಡಿಟ್ಟಸ್-ಬೋಲ್ಟರ್ ಸೂತ್ರ ಹಾಕಿದರೆ ನಸೆಲ್ಟ್ ನಂಬರ್ (ಗೋಡೆಯಿಂದ ನೀರಿಗೆ ಶಾಖ ಎಷ್ಟು ಚೆನ್ನಾಗಿ ದಾಟುತ್ತದೆ ಎಂಬ ಅಂಕಿ) 132. ಒಳಗೋಡೆ ಮಾತ್ರ ಬಿಸಿಯಾಗುತ್ತಿರುವುದರಿಂದ 'ಹೀಟೆಡ್ ಡಯಾಮೀಟರ್' ಬಳಸಬೇಕು ಎಂದು ಓದಿದ್ದೆ. ಅದರಲ್ಲಿ ಬಿಸಿ ಗೋಡೆಯ ಸುತ್ತಳತೆಯಿಂದ ಮಾತ್ರ ಭಾಗಿಸುವುದು; ಅದು 39 ಮಿ.ಮೀ. ಆ 39ರಿಂದ ಭಾಗಿಸಿದಾಗ ಎಚ್ (ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿನಿಂದ ದಾಟುವ ವ್ಯಾಟ್) ಬೆಲೆ 2,140 ಬಂತು. ಅಂದರೆ ರಾಡಿನ ಮೈ ನೀರಿಗಿಂತ 48 ಡಿಗ್ರಿ ಬಿಸಿ ಇರಬೇಕು.

ಅಳೆದರೆ ಬರೀ 16.5 ಡಿಗ್ರಿ! ಇಷ್ಟು ವ್ಯತ್ಯಾಸ ಹೇಗೆ ಸಾಧ್ಯ? ಥರ್ಮೋಕಪಲ್ ಕೆಟ್ಟಿದೆಯೇ?

ನೀರ್_ಹರಿವು
ಥರ್ಮೋಕಪಲ್ ಸರಿಯಾಗಿಯೇ ಇದೆ. ಲೆಕ್ಕ ತಪ್ಪಿದೆ. ರೆನಾಲ್ಡ್ಸ್‌ಗೆ 15 ಹಾಕಿ, ನಸೆಲ್ಟ್‌ನಿಂದ ಎಚ್ ತೆಗೆಯುವಾಗ 39 ಹಾಕಿದ್ದೀರಿ. ಎರಡನ್ನೂ ಬೆರೆಸುವ ಹಾಗಿಲ್ಲ.

ಹೊಸಬ_22
ಮೊದಲು ಹೀಟ್ ಬ್ಯಾಲೆನ್ಸ್ ನೋಡಿದ್ದೀರಾ? ನೀರು ಎಷ್ಟು ಡಿಗ್ರಿ ಏರಿತು?

ಗ್ಯಾಪ್_ಹುಡುಕಾಟ
@ಹೊಸಬ_22 ನೋಡಿದ್ದೇನೆ. ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ 3.6 ಡಿಗ್ರಿ ಏರುತ್ತದೆ. 12 ಕಿಲೋವ್ಯಾಟ್‌ಗೆ ಸರಿಯಾಗಿ ಹೊಂದುತ್ತದೆ.

@ನೀರ್_ಹರಿವು ಬೆರೆಸಬಾರದು ಸರಿ. ಹಾಗಾದರೆ ಯಾವುದನ್ನು ಇಟ್ಟುಕೊಳ್ಳಲಿ, 15 ಅಥವಾ 39?

ನೀರ್_ಹರಿವು
15. ಎರಡು ಕಡೆಯೂ 15. ಆಗ ಎಚ್ ಸುಮಾರು 5,560 ಬರುತ್ತದೆ, ವ್ಯತ್ಯಾಸ 18 ಡಿಗ್ರಿ ಚಿಲ್ಲರೆ. ನಿಮ್ಮ 16.5ಕ್ಕೆ ಆಗಲೇ ಹತ್ತಿರ ಬಂದಿರಿ.

ಹಳೇ_ಡಿಸೈನರ್
ಇದನ್ನು ನಾನು ಒಪ್ಪುವುದಿಲ್ಲ. 39 ಹಾಕುವುದೂ ಒಂದು ಪದ್ಧತಿಯೇ. ನಾವು ಡಬಲ್ ಪೈಪ್ ಎಕ್ಸ್‌ಚೇಂಜರ್‌ಗಳನ್ನು ಎಷ್ಟೋ ವರ್ಷ ಹಾಗೆಯೇ ಡಿಸೈನ್ ಮಾಡಿದ್ದೇವೆ. ಷರತ್ತು ಒಂದೇ, ಎಲ್ಲ ಕಡೆಯೂ 39 ಇರಬೇಕು, ರೆನಾಲ್ಡ್ಸ್‌ನಲ್ಲೂ. ಆಗ ರೆನಾಲ್ಡ್ಸ್ 62,000 ದಾಟುತ್ತದೆ, ನಸೆಲ್ಟ್ 284 ಆಗುತ್ತದೆ, ಎಚ್ 4,590 ಬರುತ್ತದೆ. ವ್ಯತ್ಯಾಸ 22 ಡಿಗ್ರಿ. 48 ಎಲ್ಲಿ, 22 ಎಲ್ಲಿ! ಎಚ್ ಬೆಲೆ ವ್ಯಾಸದ ಮೇಲೆ ನಿಂತಿರುವುದು ಮೈನಸ್ 0.2 ಘಾತದಲ್ಲಿ ಮಾತ್ರ. ಹಾಗಾಗಿ ವ್ಯಾಸ 2.6 ಪಟ್ಟು ಬದಲಾದರೂ ಉತ್ತರ 17 ಪರ್ಸೆಂಟ್ ಅಷ್ಟೇ ಇಳಿಯುತ್ತದೆ. ಅದೂ ಸುರಕ್ಷಿತ ಕಡೆಗೇ ಇಳಿಯುತ್ತದೆ.

ಅಂಕಿ_ಮೇಷ್ಟ್ರು
ಡಿಸೈನರ್ ಸರ್, ಲೆಕ್ಕ ಸರಿ. ಆದರೆ 'ಸುರಕ್ಷಿತ' ಅನ್ನುವ ಮಾತಿಗೆ ನನ್ನ ತಕರಾರಿದೆ. ಎಕ್ಸ್‌ಚೇಂಜರ್ ಸ್ವಲ್ಪ ಉದ್ದ ಆದರೆ ತೊಂದರೆ ಇಲ್ಲ ಅನ್ನುವವರಿಗೆ ಅದು ಸುರಕ್ಷಿತ. ಇವರು ಪ್ರಯೋಗ ಮಾಡುತ್ತಿದ್ದಾರೆ, ಇವರಿಗೆ ಬೇಕಿರುವುದು ನಿಜವಾದ ಬೆಲೆ.

ಹೀಟೆಡ್ ಡಯಾಮೀಟರ್‌ಗೆ ಭೌತಿಕವಾಗಿ ಬಲವಾದ ಆಧಾರ ಇಲ್ಲ. ಟರ್ಬ್ಯುಲೆನ್ಸ್, ಅಂದರೆ ನೀರಿನ ಸುಳಿಗಳ ಕಲಕಾಟ, ಹುಟ್ಟುವುದು ಎರಡೂ ಗೋಡೆಗಳ ಉಜ್ಜಾಟದಿಂದ. ಹೊರಗೋಡೆ ಬಿಸಿಯಾಗಿದೆಯೋ ಇಲ್ಲವೋ ಅನ್ನುವುದು ಸುಳಿಗಳಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಹೊಸ ಸೂತ್ರಗಳೆಲ್ಲ ಹೈಡ್ರಾಲಿಕ್ ಡಯಾಮೀಟರನ್ನೇ ಇಟ್ಟುಕೊಂಡು, ಯಾವ ಗೋಡೆ ಬಿಸಿ ಅನ್ನುವುದನ್ನು ಬೇರೆ ಗುಣಕದಲ್ಲಿ ಸೇರಿಸುತ್ತವೆ.

1964ರಲ್ಲಿ ಪೆಟುಖೋವ್ ಮತ್ತು ರೊಯ್ಜೆನ್ ಕೊಟ್ಟ ಗುಣಕಗಳು ಇವು. ಒಳಗೋಡೆ ಮಾತ್ರ ಬಿಸಿ ಇದ್ದರೆ, ಸಾದಾ ಕೊಳವೆಯ ನಸೆಲ್ಟನ್ನು 0.86ರಿಂದ ಗುಣಿಸಿ, ಜೊತೆಗೆ ಒಳ-ಹೊರ ವ್ಯಾಸಗಳ ಅನುಪಾತದ ಮೈನಸ್ 0.16 ಘಾತದಿಂದ ಗುಣಿಸಿ. ಹೊರಗೋಡೆ ಮಾತ್ರ ಬಿಸಿ ಇದ್ದರೆ ಗುಣಕ ಬೇರೆ. ಆ ಅನುಪಾತದ 0.6 ಘಾತವನ್ನು 0.14ರಿಂದ ಗುಣಿಸಿ 1ರಿಂದ ಕಳೆಯಿರಿ.

ನಿಮ್ಮ ಅನುಪಾತ 0.625. ಒಳಗೋಡೆಯ ಗುಣಕ 0.927. ಗ್ನೀಲಿನ್ಸ್ಕಿ ಸೂತ್ರದಿಂದ ಸಾದಾ ಕೊಳವೆಗೆ ನಸೆಲ್ಟ್ 143. ಗುಣಿಸಿದರೆ 132.6.

ನೀರ್_ಹರಿವು
ನೋಡಿದಿರಾ! ನಾನು ಹೇಳಿದ 132ಕ್ಕೇ ಬಂತು.

ಅಂಕಿ_ಮೇಷ್ಟ್ರು
ಬಂತು, ಆದರೆ ಕಾಕತಾಳೀಯವಾಗಿ. ಡಿಟ್ಟಸ್-ಬೋಲ್ಟರ್ ಈ ರೆನಾಲ್ಡ್ಸ್‌ನಲ್ಲಿ ಸಾದಾ ಕೊಳವೆಗೇ ಸ್ವಲ್ಪ ಕಡಿಮೆ ಕೊಡುತ್ತದೆ. ಆನ್ಯುಲಸ್ ಗುಣಕವೂ ಅಷ್ಟೇ ಇಳಿಸುತ್ತದೆ. ಎರಡೂ ಒಂದೇ ಜಾಗಕ್ಕೆ ಬಂದು ನಿಂತವು. ಅನುಪಾತ 0.1 ಇದ್ದಿದ್ದರೆ ಗುಣಕ 1.24 ಆಗುತ್ತಿತ್ತು, ನಿಮ್ಮ ಸರಳ ಲೆಕ್ಕ ದೂರ ಹೋಗುತ್ತಿತ್ತು.

ಗ್ಯಾಪ್_ಹುಡುಕಾಟ
ಇನ್ನೊಂದು ಹಳೆಯ ಸೂತ್ರ ಸಿಕ್ಕಿತು. ಮೊನ್ರಾಡ್ ಮತ್ತು ಪೆಲ್ಟನ್, 1942. ಆನ್ಯುಲಸ್‌ಗೆಂದೇ ಮಾಡಿದ್ದು. 0.020, ರೆನಾಲ್ಡ್ಸ್‌ನ 0.8 ಘಾತ, ಪ್ರಾಂಟ್ಲ್ ನಂಬರಿನ (ದ್ರವದ ಸ್ನಿಗ್ಧತೆಗೂ ಅದರಲ್ಲಿ ಶಾಖ ಹರಡುವಿಕೆಗೂ ಇರುವ ಅನುಪಾತ) ಮೂರನೇ ಒಂದು ಘಾತ, ಹೊರ-ಒಳ ವ್ಯಾಸದ ಅನುಪಾತದ 0.53 ಘಾತ. ಎಲ್ಲ ಗುಣಿಸಿದರೆ ನನಗೆ ನಸೆಲ್ಟ್ 133.6 ಬಂತು. ಮೂರು ದಾರಿಗಳೂ ಒಂದೇ ಕಡೆ ಸೇರುತ್ತಿವೆ. ತುಂಬಾ ಸಮಾಧಾನ ಆಯಿತು!

ಹೊಸಬ_22
ಒಂದು ಅನುಮಾನ. ಒಳಗೋಡೆಯ ಹತ್ತಿರ ಉಜ್ಜಾಟ ಜಾಸ್ತಿ ಎಂದು ಕೇಳಿದ್ದೇನೆ. ಉಜ್ಜಾಟ ಜಾಸ್ತಿ ಇದ್ದರೆ ಶಾಖವೂ ಜಾಸ್ತಿ ಹೋಗಬೇಕಲ್ವಾ? ಮತ್ತೆ ಗುಣಕ 1ಕ್ಕಿಂತ ಕಡಿಮೆ ಹೇಗೆ?

ಅಂಕಿ_ಮೇಷ್ಟ್ರು
ಒಳ್ಳೆಯ ಪ್ರಶ್ನೆ. ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

ಆನ್ಯುಲಸ್‌ನಲ್ಲಿ ವೇಗ ಅತಿ ಹೆಚ್ಚು ಇರುವ ಜಾಗ ಗ್ಯಾಪಿನ ನಟ್ಟನಡುವೆ ಇರುವುದಿಲ್ಲ. ಒಳಗೋಡೆಯ ಕಡೆಗೆ ವಾಲಿರುತ್ತದೆ. ಸುಳಿಗಳಿಲ್ಲದ ಲ್ಯಾಮಿನಾರ್ ಹರಿವಿನಲ್ಲಿ ಅದನ್ನು ಪೆನ್ನು ಹಿಡಿದೇ ಲೆಕ್ಕ ಹಾಕಬಹುದು. ಈ ರಿಗ್‌ಗೆ ಅದು 16.10 ಮಿ.ಮೀ. ತ್ರಿಜ್ಯದಲ್ಲಿ ಬರುತ್ತದೆ. ಟರ್ಬ್ಯುಲೆಂಟ್‌ಗೆ 1963ರಲ್ಲಿ ಕೇಸ್ ಮತ್ತು ಲ್ಯೂಂಗ್ ಒಂದು ಅಳತೆ ಸೂತ್ರ ಬಳಸಿದರು: ಆ ಜಾಗದಿಂದ ಒಳಗೋಡೆಗಿರುವ ದೂರವನ್ನು ಹೊರಗೋಡೆಗಿರುವ ದೂರದಿಂದ ಭಾಗಿಸಿದರೆ, ತ್ರಿಜ್ಯಗಳ ಅನುಪಾತದ 0.343 ಘಾತ ಬರುತ್ತದೆ. ಅದರಿಂದ 15.95 ಮಿ.ಮೀ., ಅಂದರೆ ಇನ್ನೂ ಸ್ವಲ್ಪ ಒಳಕ್ಕೆ. ಉಜ್ಜುವ ಬಲ ಸೊನ್ನೆಯಾಗುವುದೂ ಅಲ್ಲೇ ಎಂದಿಟ್ಟುಕೊಂಡರೆ, ಒಳಗೋಡೆಯ ಮೇಲಿನ ಉಜ್ಜಾಟ ಹೊರಗಿನದಕ್ಕಿಂತ 8 ಪರ್ಸೆಂಟ್ ಜಾಸ್ತಿ. ನೀವು ಕೇಳಿದ್ದು ಸರಿಯೇ.

ಆದರೆ ಶಾಖದ ಕಥೆ ಬೇರೆ. ಸಾದಾ ಕೊಳವೆಯಲ್ಲಿ ಸುತ್ತಲಿಂದಲೂ ಬಿಸಿ ಬರುತ್ತದೆ, ಎಲ್ಲ ಕಡೆಯಿಂದ ನಡುವಿನವರೆಗೆ ತಲುಪಿದರೆ ಸಾಕು. ಇಲ್ಲಿ ಒಂದೇ ಗೋಡೆಯಿಂದ ಹೊರಟ ಬಿಸಿ ಗ್ಯಾಪನ್ನು ಪೂರ್ತಿ ದಾಟಿ ಎದುರುಗೋಡೆಯವರೆಗೂ ಹರಡಬೇಕು. ದಾರಿ ಉದ್ದವಾಯಿತು, ಅಡ್ಡಿ ಜಾಸ್ತಿ ಆಯಿತು. ಗ್ಯಾಪ್ ತುಂಬಾ ಕಿರಿದಾಗಿ ಅನುಪಾತ 1ರ ಹತ್ತಿರ ಬಂದಾಗ ಅದು ಎರಡು ಹಲಗೆಗಳ ನಡುವಿನ ಹರಿವೇ ಸರಿ. ಆಗ ಮೇಲಿನ ಎರಡೂ ಗುಣಕಗಳು 0.86ಕ್ಕೆ ಬಂದು ಸೇರುತ್ತವೆ. ಒಳ, ಹೊರ ಎಂಬ ಭೇದವೇ ಉಳಿಯುವುದಿಲ್ಲ. ಆ ಕಡೆ ಒಳರಾಡ್ ದಾರದಷ್ಟು ಸಣ್ಣದಾದರೆ ಹೊರಗೋಡೆಯ ಗುಣಕ 1 ಆಗುತ್ತದೆ, ಅದು ಸಾದಾ ಕೊಳವೆ. ಒಳರಾಡಿನದು ಏರುತ್ತಲೇ ಹೋಗುತ್ತದೆ, ಏಕೆಂದರೆ ಅಷ್ಟು ಸಣ್ಣ ಮೈಯಿಂದ ಹೊರಟ ಬಿಸಿಗೆ ಹೆಜ್ಜೆ ಹೆಜ್ಜೆಗೂ ಜಾಗ ಅಗಲವಾಗುತ್ತದೆ. ಎಷ್ಟು ಚೆಂದದ ಸೂತ್ರ ನೋಡಿ!

ಹೊಸಬ_22
ಈಗ ಅರ್ಥವಾಯಿತು ಮೇಷ್ಟ್ರೇ. ಧನ್ಯವಾದ.

ಮೆಶ್_ಮಾಡುವವಳು
ಇಷ್ಟೆಲ್ಲ ಸೂತ್ರ ಯಾಕೆ? ಸಿಎಫ್‌ಡಿ (ಹರಿವನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು) ಓಡಿಸಿ. ಗುಂಡಾದ ಜ್ಯಾಮಿತಿ, ಒಂದು ತುಂಡು ಸಾಕು, ಹತ್ತು ನಿಮಿಷದ ಕೆಲಸ.

ಹಳೇ_ಡಿಸೈನರ್
ಹತ್ತು ನಿಮಿಷದಲ್ಲಿ ಬಂದ ಬಣ್ಣದ ಚಿತ್ರವನ್ನು ನಂಬುವುದು ಹೇಗೆ? ಗೋಡೆಯ ಹತ್ತಿರ ಮೆಶ್ (ಲೆಕ್ಕದ ಕೋಶಗಳ ಜಾಲ) ಎಷ್ಟು ಸಣ್ಣ ಇಡುತ್ತೀರಿ, ಅದನ್ನು ಹೇಳಿ.

ಮೆಶ್_ಮಾಡುವವಳು
ಸರಿಯಾದ ಪ್ರಶ್ನೆ ಸರ್, ಹೇಳುತ್ತೇನೆ. ನೀರಿನ ವೇಗ ಸೆಕೆಂಡಿಗೆ 1.05 ಮೀಟರ್. ಉಜ್ಜಾಟದ ವೇಗ ಸುಮಾರು 0.059. ಹಾಗಾಗಿ ವೈ ಪ್ಲಸ್ (ಗೋಡೆಯಿಂದಿರುವ ದೂರವನ್ನು ಆ ವೇಗ ಮತ್ತು ಸ್ನಿಗ್ಧತೆಯಿಂದ ಅಳೆಯುವ ಮಾಪ) 1 ಅಂದರೆ ಗೋಡೆಯಿಂದ 11 ಮೈಕ್ರೋಮೀಟರ್. ಮೊದಲ ಕೋಶದ ನಡುಬಿಂದು ಅದರೊಳಗೇ ಇರಬೇಕು. ನೀರಿನ ಪ್ರಾಂಟ್ಲ್ ಇಲ್ಲಿ 4.3 ಇರುವುದರಿಂದ ತಾಪಮಾನದ ಪದರ ವೇಗದ ಪದರಕ್ಕಿಂತ ತೆಳುವು. ಇನ್ನೂ ಸಣ್ಣದಿಟ್ಟರೆ ಒಳ್ಳೆಯದು. ಗೋಡೆಯ ಪಕ್ಕದ ಪದರವನ್ನು ಬಿಡಿಸದೆ ಸೂತ್ರದಿಂದ (ವಾಲ್ ಫಂಕ್ಷನ್) ದಾಟಿಸುವ ಕೆ-ಎಪ್ಸಿಲಾನ್ ಎಂಬ ಟರ್ಬ್ಯುಲೆನ್ಸ್ ಮಾದರಿ ಹಾಕಿ 7.5 ಮಿ.ಮೀ. ಗ್ಯಾಪಿನಲ್ಲಿ ನಾಲ್ಕಾರು ಕೋಶ ತುಂಬಿದರೆ ಬರುವ ಎಚ್ ಬೆಲೆಯನ್ನು ನಾನೂ ನಂಬುವುದಿಲ್ಲ. ಕೆ-ಒಮೆಗಾ ಎಸ್‌ಎಸ್‌ಟಿ ಮಾದರಿ ಹಾಕಿ ಗೋಡೆಯವರೆಗೂ ಬಿಡಿಸಬೇಕು.

ಹಳೇ_ಡಿಸೈನರ್
ಇದು ಕೆಲಸ ಗೊತ್ತಿರುವವರ ಉತ್ತರ. ಒಪ್ಪಿದೆ.

ಬಾವಿ_ಕೊರೆತ
ನಾನು ಆಳದ ಕೊಳವೆಬಾವಿ ಕೊರೆಯುವ ಕಡೆಯವನು. ನಮ್ಮಲ್ಲಿ ಮಡ್ (ಕೊರೆಯುವಾಗ ಹರಿಸುವ ಕೆಸರಿನಂಥ ದ್ರವ) ಪೈಪಿನೊಳಗೆ ಇಳಿದು ಆನ್ಯುಲಸ್‌ನಲ್ಲಿ ಮೇಲೆ ಬರುತ್ತದೆ. ಅತಿ ಬಿಸಿ ಇರುವುದು ತಳದಲ್ಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ! ತಳದಿಂದ ಸ್ವಲ್ಪ ಮೇಲೆ, ಆನ್ಯುಲಸ್‌ನಲ್ಲಿ. ಇಳಿಯುವ ತಣ್ಣನೆಯ ಮಡ್ ತಳವನ್ನು ತಣ್ಣಗಿಡುತ್ತದೆ. ತಿರುಗಿ ಏರುವಾಗ ಸುತ್ತಲಿನ ಬಂಡೆಯಿಂದ ಇನ್ನೂ ಬಿಸಿ ಹೀರುತ್ತದೆ. ಮೊದಲ ಸಲ ಈ ಗ್ರಾಫ್ ನೋಡಿದಾಗ ನಾನು ಅಕ್ಷ ತಲೆಕೆಳಗಾಗಿದೆ ಎಂದುಕೊಂಡಿದ್ದೆ.

ಇನ್ನೊಂದು ಮಾತು. ನಮ್ಮ ಪೈಪ್ ಯಾವತ್ತೂ ನಡುವೆ ಇರುವುದಿಲ್ಲ, ಒಂದು ಕಡೆ ಒರಗಿರುತ್ತದೆ. @ಗ್ಯಾಪ್_ಹುಡುಕಾಟ ನಿಮ್ಮ ರಾಡ್ ನಿಜವಾಗಿಯೂ ನಡುವೆ ಇದೆಯೇ? ರಿಗ್ ಅಡ್ಡ ಇದೆಯೋ ನಿಂತಿದೆಯೋ?

ಗ್ಯಾಪ್_ಹುಡುಕಾಟ
ಅಡ್ಡ ಇದೆ. ಎರಡು ತುದಿಯಲ್ಲಿ ಹಿಡಿದಿದ್ದೇನೆ, ನಡುವೆ ಒಂದು ಕಡೆ ಪಿನ್‌ಗಳ ಮೇಲೆ ಕೂತಿದೆ. ಥರ್ಮೋಕಪಲ್ ನಾಲ್ಕಿವೆ. ನೀರಿಗಿಂತ ಮೇಲಿನದು 18.6, ಪಕ್ಕದವು 19.6 ಮತ್ತು 19.7, ಕೆಳಗಿನದು 20.9 ಡಿಗ್ರಿ ಜಾಸ್ತಿ ತೋರಿಸುತ್ತವೆ. ಸರಾಸರಿ 19.7.

ಹೊಸಬ_22
ಅಯ್ಯೋ, 16.5 ಅಂದಿದ್ದಿರಿ, ಈಗ 19.7?

ಗ್ಯಾಪ್_ಹುಡುಕಾಟ
ಹೇಳುವುದು ಮರೆತೆ, ಕ್ಷಮಿಸಿ. ಥರ್ಮೋಕಪಲ್ ಕೂತಿರುವುದು ಸ್ಟೇನ್‌ಲೆಸ್ ಸ್ಟೀಲ್ ಕವಚದ ಮೈಯಿಂದ ಅರ್ಧ ಮಿ.ಮೀ. ಒಳಗೆ. ಚದರ ಮೀಟರಿಗೆ 1,02,000 ವ್ಯಾಟ್ ಹೋಗುತ್ತಿದೆ, ಸ್ಟೀಲಿನ ಕಂಡಕ್ಟಿವಿಟಿ 16. ಆ ಅರ್ಧ ಮಿಲಿಮೀಟರಿನಲ್ಲೇ 3.2 ಡಿಗ್ರಿ ಬೀಳುತ್ತದೆ. ಅದನ್ನು ಕಳೆದು 16.5.

ಹಳೇ_ಡಿಸೈನರ್
ಶಭಾಷ್. ಇದನ್ನು ಮರೆತು ನೀರಿನ ಕಡೆಯ ಎಚ್ ಕಡಿಮೆ ಬಂತು ಅಂತ ತಲೆಕೆಡಿಸಿಕೊಂಡವರನ್ನು ಬಹಳ ನೋಡಿದ್ದೇನೆ.

ನೀರ್_ಹರಿವು
ಮೇಲೆ ಕೆಳಗೆ ವ್ಯತ್ಯಾಸ ಇರುವುದು ನ್ಯಾಚುರಲ್ ಕನ್ವೆಕ್ಷನ್‌ನಿಂದ. ರಿಗ್ ಅಡ್ಡ ಇದೆಯಲ್ಲ, ಬಿಸಿ ನೀರು ಮೇಲೇರುತ್ತದೆ.

ಬಾವಿ_ಕೊರೆತ
ಹಾಗಾದರೆ ಮೇಲಿನದು ಜಾಸ್ತಿ ಬಿಸಿ ಇರಬೇಕಿತ್ತು. ಇವರದು ಉಲ್ಟಾ, ಕೆಳಗಿನದು ಬಿಸಿ. ರಾಡ್ ಜೋತುಬಿದ್ದಿದೆ. ಕೆಳಗೆ ಗ್ಯಾಪ್ ಕಿರಿದಾಗಿದೆ, ಅಲ್ಲಿ ನೀರು ನಿಧಾನ, ಅದಕ್ಕೇ ಬಿಸಿ. ಮೇಲೆ ಅಗಲ, ನೀರು ಜೋರು.

ಅಂಕಿ_ಮೇಷ್ಟ್ರು
ಬಾವಿಯವರ ಮಾತು ನೂರಕ್ಕೆ ನೂರು. ಬಿಸಿ ನೀರು ಮೇಲೇರುವ ಬಲವನ್ನು ಹೇಳುವ ಗ್ರಾಸ್‌ಹಾಫ್ ನಂಬರ್ ಲೆಕ್ಕ ಹಾಕಿದೆ, ಸುಮಾರು 4,90,000. ಅದನ್ನು ರೆನಾಲ್ಡ್ಸ್ ವರ್ಗದಿಂದ ಭಾಗಿಸಿದರೆ 0.001ಕ್ಕಿಂತ ಕಡಿಮೆ. ಈ ವೇಗದಲ್ಲಿ ಬಿಸಿ ನೀರು ಮೇಲೇರುವುದು ಲೆಕ್ಕಕ್ಕೇ ಬರುವುದಿಲ್ಲ.

ಓರೆಯಾದ ಆನ್ಯುಲಸ್ ಬಗ್ಗೆ ಒಂದು ವಿಷಯ ತಿಳಿದಿರಲಿ. ರಾಡ್ ಒಂದು ಕಡೆ ಒರಗಿದರೆ ಒಟ್ಟು ಹರಿವಿಗೆ ಅನುಕೂಲವೇ ಆಗುತ್ತದೆ. ಲ್ಯಾಮಿನಾರ್‌ನಲ್ಲಿ, ಕಿರಿದಾದ ಗ್ಯಾಪಿನಲ್ಲಿ, ರಾಡ್ ಪೂರ್ತಿ ಗೋಡೆಗೆ ತಾಗಿದರೆ ಅದೇ ಒತ್ತಡಕ್ಕೆ ಎರಡೂವರೆ ಪಟ್ಟು ನೀರು ಹರಿಯುತ್ತದೆ. ಟರ್ಬ್ಯುಲೆಂಟ್‌ನಲ್ಲಿ ಅಷ್ಟಿಲ್ಲ, ಆದರೆ ದಿಕ್ಕು ಅದೇ. ಅಂದರೆ ಪ್ರೆಷರ್ ಗೇಜ್ ನೋಡಿ ಎಲ್ಲ ಚೆನ್ನಾಗಿದೆ ಅಂದುಕೊಳ್ಳುವಾಗಲೇ ಕಿರಿದಾದ ಕಡೆ ರಾಡ್ ಸುಡುತ್ತಿರಬಹುದು.

ಸೋಡಿಯಂ_ಲೂಪ್
ರಿಯಾಕ್ಟರಿನ ಇಂಧನ ಕಡ್ಡಿಗಳ ವಿಷಯದಲ್ಲಿ ಇದೇ ಭಯ. ಕಡ್ಡಿ ಬಾಗಿದರೆ ಒಂದು ಪಕ್ಕ ಹಾಟ್ ಸ್ಪಾಟ್. ಅದಕ್ಕೇ ಸ್ಪೇಸರ್‌ಗಳಿಗೆ ಅಷ್ಟು ಮಹತ್ವ.

ನಾನು ಕೆಲಸ ಮಾಡುವುದು ದ್ರವ ಸೋಡಿಯಂ ಜೊತೆ. ಈ ಚರ್ಚೆ ಓದಿ ಯಾರೂ ಇಲ್ಲಿನ ಸೂತ್ರಗಳನ್ನು ಸೋಡಿಯಂಗೆ ಹಾಕಬೇಡಿ. ಅದರ ಪ್ರಾಂಟ್ಲ್ ನಂಬರ್ 0.005ರ ಆಸುಪಾಸು. ಡಿಟ್ಟಸ್-ಬೋಲ್ಟರ್ ಇರುವುದು 0.7ರ ಮೇಲಿನವಕ್ಕೆ. ಲೋಹದಲ್ಲಿ ಸುಳಿಗಳ ಸಹಾಯ ಇಲ್ಲದೆಯೇ ಶಾಖ ದಾಟುತ್ತದೆ. ಸಾದಾ ಕೊಳವೆಗೆ ಲಯಾನ್ 1951ರಲ್ಲಿ ಕೊಟ್ಟ ನಸೆಲ್ಟ್ ಸೂತ್ರ ನೋಡಿ: 7, ಅದಕ್ಕೆ ಪೆಕ್ಲೆಟ್‌ನ (ರೆನಾಲ್ಡ್ಸ್ ಗುಣಿಸು ಪ್ರಾಂಟ್ಲ್) 0.8 ಘಾತವನ್ನು 0.025ರಿಂದ ಗುಣಿಸಿ ಸೇರಿಸಿ. ಆ 7 ಯಾಕೆ ಇದೆ ಎಂದು ಯೋಚಿಸಿದರೆ ಸಾಕು. ಟರ್ಬ್ಯುಲೆನ್ಸ್ ಏನೂ ಮಾಡದಿದ್ದರೂ ಅಷ್ಟು ಸಿಕ್ಕೇ ಸಿಗುತ್ತದೆ.

ಮೋಟಾರ್_ಗಾಳಿ
ನಮ್ಮ ಮೋಟಾರಿನ ಏರ್ ಗ್ಯಾಪ್ ಕೂಡ ಆನ್ಯುಲಸ್ಸೇ, ಆದರೆ ಒಳಗಿನದು ತಿರುಗುತ್ತದೆ! 1923ರಲ್ಲಿ ಟೇಲರ್ ತೋರಿಸಿದ ಸುರುಳಿಗಳು ಅಲ್ಲಿ ಹುಟ್ಟುತ್ತವೆ. ಕಿರಿದಾದ ಗ್ಯಾಪಿಗೆ ಟೇಲರ್ ನಂಬರ್ (ತಿರುಗುವ ಪರಿಣಾಮವನ್ನು ಸ್ನಿಗ್ಧತೆಗೆ ಹೋಲಿಸುವ ಅಂಕಿ) ಸುಮಾರು 1,700 ದಾಟಿದರೆ ಬಳೆ ಜೋಡಿಸಿದ ಹಾಗೆ ಸುಳಿಗಳು ಸಾಲಾಗಿ ನಿಲ್ಲುತ್ತವೆ. ಶಾಖ ಹೋಗುವುದು ಒಮ್ಮೆಲೇ ಜಾಸ್ತಿಯಾಗುತ್ತದೆ. ಉದ್ದಕ್ಕೂ ಗಾಳಿ ಊದಿದರೆ ಸುಳಿಗಳು ಹುಟ್ಟುವುದು ತಡವಾಗುತ್ತದೆ.

ನೀರ್_ಹರಿವು
ಮೋಟಾರ್ ವಿಷಯಕ್ಕೆ ಬೇರೆ ಎಳೆ ಶುರು ಮಾಡಿ ಸರ್, ಓದಲು ಇಷ್ಟ ಇದೆ. ಇಲ್ಲಿ ರಾಡಿಗೆ ಬರೋಣ. 18.3ರಿಂದ 16.5ಕ್ಕೆ ಬರಲು ಇನ್ನೂ 10 ಪರ್ಸೆಂಟ್ ಬೇಕು. ಎಂಟ್ರಿ ಎಫೆಕ್ಟ್ (ಬಿಸಿ ಶುರುವಾಗುವ ಕಡೆ ಶಾಖ ಜಾಸ್ತಿ ದಾಟುವುದು) ಸೇರಿಸಿ. 1, ಜೊತೆಗೆ ವ್ಯಾಸ ಭಾಗಿಸು ಉದ್ದದ ಮೂರನೇ ಎರಡು ಘಾತ. 15 ಮಿ.ಮೀ., 1.5 ಮೀಟರ್. 4.6 ಪರ್ಸೆಂಟ್ ಸಿಕ್ಕಿತು.

ಅಂಕಿ_ಮೇಷ್ಟ್ರು
ಅದು ಪೂರ್ತಿ ಉದ್ದದ ಸರಾಸರಿಗೆ. ಇವರ ಥರ್ಮೋಕಪಲ್ ಇರುವುದು ಒಂದೇ ಜಾಗದಲ್ಲಿ, 50 ವ್ಯಾಸ ದೂರದಲ್ಲಿ. ಆ ಸರಾಸರಿ ಸೂತ್ರವನ್ನು ಉದ್ದದಿಂದ ಗುಣಿಸಿ ಡಿಫರೆನ್ಷಿಯೇಟ್ ಮಾಡಿದರೆ ಹೆಚ್ಚಳ ಮೂರನೇ ಒಂದಕ್ಕೆ ಇಳಿಯುತ್ತದೆ. ಅಲ್ಲಿ ಬರುವುದು 2.5 ಪರ್ಸೆಂಟ್.

ಗೋಡೆಯ ಹತ್ತಿರದ ನೀರು ಬಿಸಿಯಾಗಿ ತೆಳುವಾಗಿರುತ್ತದೆ, ಅದನ್ನೂ ಸೇರಿಸಿ. ನೀರಿನ ಪ್ರಾಂಟ್ಲ್ 4.34, ಗೋಡೆಯ ತಾಪಮಾನದಲ್ಲಿ ಸುಮಾರು 3.15. ಅನುಪಾತದ 0.11 ಘಾತ 3.6 ಪರ್ಸೆಂಟ್ ಕೊಡುತ್ತದೆ. ಎರಡೂ ಸೇರಿ ಎಚ್ 5,900 ದಾಟಿತು. ವ್ಯತ್ಯಾಸ 17.2 ಡಿಗ್ರಿ. ಅಳೆದದ್ದು 16.5. ಇಂಥ ಸೂತ್ರಗಳಲ್ಲಿ 10 ಪರ್ಸೆಂಟ್ ಆಚೀಚೆ ಸಾಮಾನ್ಯ. ಉಳಿದ 4 ಪರ್ಸೆಂಟನ್ನು ಹಿಂಡಲು ಹೋಗಬೇಡಿ.

ಮೆಶ್_ಮಾಡುವವಳು
ನನಗೆ ಅನುಮಾನ ಇರುವುದು ಆ ಪಿನ್‌ಗಳ ಮೇಲೆ. ಅವು ಥರ್ಮೋಕಪಲ್‌ಗಿಂತ ಹಿಂದೆ, ನೀರು ಬರುವ ಕಡೆ ಇದ್ದರೆ, ಅವುಗಳ ಬಾಲದ ಸುಳಿ ಎಚ್ ಬೆಲೆಯನ್ನು ಏರಿಸುತ್ತದೆ. ಎಷ್ಟು ದೂರದಲ್ಲಿವೆ?

ಗ್ಯಾಪ್_ಹುಡುಕಾಟ
10 ಸೆಂ.ಮೀ. ಹಿಂದೆ! ಏಳು ವ್ಯಾಸ ಕೂಡ ಇಲ್ಲ. ನಾಳೆಯೇ ಪಿನ್‌ಗಳನ್ನು ಸರಿಸಿ, ರಾಡನ್ನು ಎತ್ತಿ ಕೂರಿಸುತ್ತೇನೆ.

ಹೊಸಬ_22
ಅಷ್ಟರಲ್ಲಿ ಇನ್ನೊಂದು ಕೇಳಲೇ? ಎರಡೂ ಗೋಡೆ ಬಿಸಿ ಮಾಡುವ ಒಂದು ಲೆಕ್ಕದಲ್ಲಿ ನನಗೆ ಒಳಗೋಡೆಯ ನಸೆಲ್ಟ್ ಮೈನಸ್ ಬಂತು. ಎಲ್ಲೋ ಚಿಹ್ನೆ ತಪ್ಪಿರಬೇಕು, ಅಲ್ವಾ?

ಅಂಕಿ_ಮೇಷ್ಟ್ರು
ತಪ್ಪಿಲ್ಲದೆಯೂ ಹಾಗೆ ಬರಬಹುದು! ಕೇಸ್-ಲ್ಯೂಂಗ್ ಕೆಲಸದ ಮುಖ್ಯ ಭಾಗವೇ ಇದು. ಎರಡು ಗೋಡೆಯ ಪರಿಣಾಮಗಳನ್ನು ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಬಹುದು ಎಂದು ತೋರಿಸಿದರು. ಹೊರಗಿನಿಂದ ತುಂಬಾ ಜಾಸ್ತಿ ಬಿಸಿ ಕೊಟ್ಟು ಒಳಗಿನಿಂದ ಕಡಿಮೆ ಕೊಟ್ಟಿರಿ ಎನ್ನಿ. ನೀರಿನ ಸರಾಸರಿ ತಾಪಮಾನ ಹೊರಗಿನ ಬಿಸಿಯಿಂದ ಏರುತ್ತದೆ. ಆದರೆ ಒಳಗೋಡೆಯ ಪಕ್ಕದ ನೀರಿಗೆ ಆ ಬಿಸಿ ಇನ್ನೂ ಪೂರ್ತಿ ತಲುಪಿರುವುದಿಲ್ಲ, ಅದು ಸರಾಸರಿಗಿಂತ ತಣ್ಣಗಿರುತ್ತದೆ. ಆಗ ಒಳಗೋಡೆ ಸರಾಸರಿಗಿಂತ ತಣ್ಣಗಿದ್ದೂ ತನ್ನ ಪಕ್ಕದ ನೀರಿಗೆ ಬಿಸಿ ಕೊಡುತ್ತಿರುತ್ತದೆ. ಶಾಖ ಪ್ಲಸ್, ತಾಪಮಾನದ ವ್ಯತ್ಯಾಸ ಮೈನಸ್, ಹಾಗಾಗಿ ನಸೆಲ್ಟ್ ಮೈನಸ್. ನಡುವೆ ಒಂದು ಹದದಲ್ಲಿ ವ್ಯತ್ಯಾಸ ಸೊನ್ನೆಯಾಗಿ ನಸೆಲ್ಟ್ ಅನಂತಕ್ಕೇ ಹೋಗುತ್ತದೆ. ಅದಕ್ಕೇ ಆನ್ಯುಲಸ್‌ಗೆ 'ಇದೊಂದೇ ನಸೆಲ್ಟ್' ಅಂತ ಕೊಡಲು ಆಗುವುದಿಲ್ಲ. ಎರಡೂ ಗೋಡೆಯ ಶಾಖ ಹೇಳಿದರೆ ಮಾತ್ರ ಉತ್ತರ.

ಹೊಸಬ_22
ಎರಡು ವಾರದಿಂದ ಆ ಚಿಹ್ನೆ ಹುಡುಕುತ್ತಿದ್ದೆ...

ಗ್ಯಾಪ್_ಹುಡುಕಾಟ
ಪಿನ್‌ಗಳನ್ನು 40 ಸೆಂ.ಮೀ. ಹಿಂದಕ್ಕೆ ಸರಿಸಿದೆ, ಮುಂದೆಯೂ ಒಂದು ಸಾಲು ಕೊಟ್ಟೆ. ಈಗ ಮೇಲೆ ಕೆಳಗಿನ ವ್ಯತ್ಯಾಸ 2.3ರಿಂದ 0.5 ಡಿಗ್ರಿಗೆ ಇಳಿಯಿತು. ಸರಾಸರಿ, ಸ್ಟೀಲಿನ 3.2 ಕಳೆದ ಮೇಲೆ, 17.0 ಡಿಗ್ರಿ.

ಸೆಕೆಂಡಿಗೆ 0.4, 0.6, 0.8, 1.0 ಕಿಲೋ ನೀರು ಬಿಟ್ಟು ನಾಲ್ಕು ಸಲ ಓಡಿಸಿದೆ. ಹರಿವಿಗೆ ಎದುರಾಗಿ ಎಚ್ ಗುರುತಿಸಿ ಲಾಗ್ ಕಾಗದದಲ್ಲಿ ಗೆರೆ ಎಳೆದರೆ ಇಳಿಜಾರು 0.79, ಸೂತ್ರಗಳ 0.8 ಘಾತದ ಹತ್ತಿರವೇ. ಮುಂದಿನ ವಾರ ಹೊರಗೋಡೆಗೂ ಹೀಟರ್ ಸುತ್ತಬೇಕೆಂದಿದ್ದೇನೆ.

ಬಾವಿ_ಕೊರೆತ
ಹೊರಗೋಡೆಯಲ್ಲೂ ಥರ್ಮೋಕಪಲ್ ನಾಲ್ಕು ಸುತ್ತ ಇಡಿ. ಕೆಳಗೆ ಒಂದು ಇರಲೇಬೇಕು.

ಅಂಕಿ_ಮೇಷ್ಟ್ರು
ಮೊದಲು ಹೊರಗಿನದನ್ನು ಮಾತ್ರ ಬಿಸಿ ಮಾಡಿ. ನಿಮ್ಮ ಅನುಪಾತಕ್ಕೆ ಗುಣಕ 0.89 ಬರಬೇಕು. ಒಳರಾಡಿಗೆ ಕರೆಂಟ್ ಕೊಡದೆಯೇ ಅದರ ತಾಪಮಾನವನ್ನೂ ಬರೆದುಕೊಳ್ಳಿ. ಅದು ನೀರಿನ ಸರಾಸರಿಗಿಂತ ಎಷ್ಟು ಕಡಿಮೆ ಇದೆ ಎಂಬುದು ಎರಡನ್ನೂ ಒಟ್ಟಿಗೆ ಓಡಿಸುವಾಗ ಬೇಕಾಗುತ್ತದೆ.